ಸೊಂಟದ ಸುತ್ತಳತೆ, ಮನಸ್ಸಿನ ಭಾರ

ಸಾಂತಾಕ್ರೂಜ್ ಪೂರ್ವದಲ್ಲಿ ಬಿಲ್ಲವ ಭವನವಿದೆ. ಪ್ರಭಾತ್ ಕಾಲೊನಿಯಲ್ಲಿ ಪೇಜಾವರ ಮಠವಿದೆ. ಕಲೀನಾದ ಕಡೆ ಹೋದರೆ ವಿದ್ಯಾನಗರಿಯಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವಿದೆ. ಸಭೆ, ಸನ್ಮಾನ, ಯಕ್ಷಗಾನ, ಪುಸ್ತಕ ಬಿಡುಗಡೆ, ಪೂಜೆ, ಮದುವೆ ಎಂದು ಮುಂಬಯಿ ಕನ್ನಡಿಗರ ಎಷ್ಟೋ ವಾರಾಂತ್ಯಗಳು ಈ ಒಂದೆರಡು ಮೈಲಿಯೊಳಗೇ ಕಳೆಯುತ್ತವೆ. ಕಾರ್ಯಕ್ರಮ ಮುಗಿದ ಮೇಲೆ ಊಟದ ಪಂಕ್ತಿ. ಅಲ್ಲಿ "ನನಗೆ ಶುಗರ್ ಉಂಟು, ಪಾಯಸ ಬೇಡ" ಎನ್ನಲು ಯಾರಿಗೂ ಸಂಕೋಚವಿಲ್ಲ. ಬಿಪಿ, ಥೈರಾಯ್ಡ್, ಮಂಡಿನೋವು ಎಲ್ಲವೂ ಪಂಕ್ತಿಯ ಮಾತೇ. ಪಕ್ಕದವನ ಹೊಟ್ಟೆಯೂ ಮಾತಾಗುತ್ತದೆ: "ಎಂತ ಮಾರಾಯ, ಊರಿಂದ ಬರುವಾಗ ಕಡ್ಡಿಯ ಹಾಗಿದ್ದಿ, ಈಗ ನೋಡು!" ಬೈಪೋಲಾರ್ ಕಾಯಿಲೆಗೆ ಮಾತ್ರೆ ನುಂಗುತ್ತಿರುವವನು ಆ ಮಾತಿಗೆ ನಕ್ಕು ಸುಮ್ಮನಾಗುತ್ತಾನೆ. ಪಕ್ಕದವರಿಗೆ ಸಕ್ಕರೆ ಕಾಯಿಲೆಯ ಬಗ್ಗೆ ಹೇಳುವಷ್ಟು ಸಲೀಸಾಗಿ ತನ್ನ ಕಾಯಿಲೆಯ ಬಗ್ಗೆ ಹೇಳುವ ಧೈರ್ಯ ಅವನಿಗಿಲ್ಲ. ಮನೆಗೆ ಹೋದವನು, ಹೊಟ್ಟೆ ಬರಿಸಿದ್ದು ಈ ಮಾತ್ರೆಯೇ ಎಂದು ಅದನ್ನು ನಿಲ್ಲಿಸಿಬಿಡುತ್ತಾನೆ.

ಹಾಗೆ ನಿಲ್ಲಿಸಿದವರಲ್ಲಿ ಹೆಚ್ಚಿನವರಿಗೆ ಕಾಯಿಲೆ ಮರುಕಳಿಸುತ್ತದೆ. ಆಗ ಮನೆಯವರು ಮನಸ್ಸನ್ನು ದೂರುತ್ತಾರೆ, ಮಾತ್ರೆಯನ್ನು ದೂರುತ್ತಾರೆ, ಹಣೆಬರಹವನ್ನು ದೂರುತ್ತಾರೆ. ಹೊಟ್ಟೆ ಮಾತ್ರ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಮನಸ್ಸಿನ ಈ ಕಾಯಿಲೆಗೂ ಸೊಂಟದ ಸುತ್ತಳತೆಗೂ ನಡುವೆ ಎರಡೂ ದಿಕ್ಕಿನ ಓಡಾಟವಿದೆ ಎಂಬುದಕ್ಕೆ ಕಳೆದ ಎರಡು ಮೂರು ದಶಕಗಳಲ್ಲಿ ಸಾಕಷ್ಟು ಆಧಾರ ಸಿಕ್ಕಿದೆ. ಆ ಓಡಾಟದ ದಾರಿಗಳಲ್ಲಿ ಒಂದರ ಹೆಸರು ಉರಿಯೂತ. ಗಾಯವಾದಾಗ ಕೆಂಪಗೆ ಊದಿ ಬಿಸಿಯಾಗುತ್ತದಲ್ಲ, ಅದೇ ಪ್ರಕ್ರಿಯೆ. ಇಲ್ಲಿ ಅದು ಗಾಯವಿಲ್ಲದೆ, ನೋವಿಲ್ಲದೆ, ರಕ್ತದಲ್ಲಿ ವರ್ಷಗಟ್ಟಲೆ ಸಣ್ಣಗೆ ನಡೆಯುತ್ತಿರುತ್ತದೆ.

ಸೋಮಾರಿತನದಂತೆ ಕಾಣುವ ಕಾಯಿಲೆ

ಬೈಪೋಲಾರ್ ಎಂದರೆ ಹೆಚ್ಚಿನವರ ಕಣ್ಣ ಮುಂದೆ ಬರುವುದು ಉನ್ಮಾದದ ಚಿತ್ರ. ರಾತ್ರಿಯಿಡೀ ನಿದ್ದೆಯಿಲ್ಲ, ಮಾತು ನಿಲ್ಲುವುದಿಲ್ಲ, ಕೈಯಲ್ಲಿ ದುಡ್ಡು ನಿಲ್ಲುವುದಿಲ್ಲ, ನಾಳೆಯೇ ಹೊಸ ಹೋಟೆಲ್ ತೆರೆಯುವ ಯೋಜನೆ. ಅದು ಜೋರಾಗಿ ಬರುವುದರಿಂದ ಊರಿಗೆಲ್ಲ ಗೊತ್ತಾಗುತ್ತದೆ. ಆದರೆ ರೋಗಿಯ ಆಯುಷ್ಯವನ್ನು ತಿನ್ನುವುದು ಹೆಚ್ಚಾಗಿ ಖಿನ್ನತೆಯೇ. ಅಮೆರಿಕದಲ್ಲಿ ಲೂಯಿಸ್ ಜಡ್ ಮತ್ತು ಸಂಗಡಿಗರು 146 ಮಂದಿ ರೋಗಿಗಳನ್ನು ಸರಾಸರಿ ಸುಮಾರು 13 ವರ್ಷ ಬೆನ್ನಟ್ಟಿ 2002ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: ಖಿನ್ನತೆಯಲ್ಲಿ ಕಳೆದ ವಾರಗಳು ಸುಮಾರು ಶೇ. 32, ಉನ್ಮಾದದಲ್ಲಿ ಅಥವಾ ಅದರ ಹಗುರ ರೂಪದಲ್ಲಿ ಕಳೆದದ್ದು ಸುಮಾರು ಶೇ. 9.

ಈ ಖಿನ್ನತೆಯ ಸ್ವರೂಪವೂ ಬೇರೆ. ಸಾಮಾನ್ಯ ಖಿನ್ನತೆಯಲ್ಲಿ ಊಟ ಸೇರದೆ, ನಿದ್ದೆ ಬಾರದೆ ಸೊರಗುವವರು ಹೆಚ್ಚು. ಬೈಪೋಲಾರ್ ಖಿನ್ನತೆಯಲ್ಲಿ ಎಷ್ಟೋ ಮಂದಿ ಹತ್ತು ಹನ್ನೆರಡು ಗಂಟೆ ಮಲಗುತ್ತಾರೆ. ಎದ್ದರೆ ಕೈಕಾಲಿಗೆ ಸೀಸ ತುಂಬಿದಷ್ಟು ಭಾರ. ಸಿಹಿ, ಬ್ರೆಡ್ಡು, ಕರಿದ ತಿಂಡಿಯ ಮೇಲೆ ತಡೆಯಲಾಗದ ಆಸೆ. ವಾಕೋಲಾದ ಒಂದು ಕೋಣೆ, ಒಂದು ಅಡುಗೆಮನೆಯ ಬಿಡಾರದಲ್ಲಿ ಐದು ಜನ ಬಾಳುವಾಗ ಹಗಲೆಲ್ಲ ಚಾಪೆ ಸುತ್ತದ ಒಬ್ಬನಿದ್ದರೆ ಅವನಿಗೆ ಸಿಗುವ ಹೆಸರು ಏನೆಂದು ಹೇಳಬೇಕಿಲ್ಲ. "ತಿನ್ನುವುದು, ಮಲಗುವುದು, ಅವನಿಗೆ ಬೇರೆ ಎಂತ ಕೆಲಸ?" ಎಂದು ಭಾವನೂ ಅತ್ತಿಗೆಯೂ ಮಾತಾಡಿಕೊಳ್ಳುತ್ತಾರೆ. ತಾಯಿ ಮಾತ್ರ ಮಾತಾಡದೆ ಇನ್ನೆರಡು ದೋಸೆ ಹಾಕುತ್ತಾಳೆ. ಯಾರಲ್ಲೂ ದುರುದ್ದೇಶವಿಲ್ಲ. ಕಾಯಿಲೆಯ ಲಕ್ಷಣವನ್ನು ಸ್ವಭಾವದ ದೋಷವೆಂದು ತಿಳಿದಿದ್ದಾರೆ, ಅಷ್ಟೇ. ಆ ಒಂದು ತಪ್ಪು ತಿಳಿವಳಿಕೆಯಿಂದ ಆಗುವ ಹಾನಿ ಮಾತ್ರ ಬಹಳ ದೊಡ್ಡದು.

ಇಂಥವರು ಎಷ್ಟು ಮಂದಿ? ಜಾಗತಿಕ ರೋಗಭಾರ ಅಧ್ಯಯನದ ಪ್ರಕಾರ 2017ರಲ್ಲಿ ಭಾರತದಲ್ಲಿ ಸುಮಾರು 76 ಲಕ್ಷ ಜನರಿಗೆ ಬೈಪೋಲಾರ್ ಕಾಯಿಲೆಯಿತ್ತು. ಬೆಂಗಳೂರಿನ ನಿಮ್ಹಾನ್ಸ್ ಮುನ್ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ, ಈ ರೋಗಿಗಳಲ್ಲಿ ಸುಮಾರು ಶೇ. 70 ಮಂದಿಗೆ ಚಿಕಿತ್ಸೆಯೇ ಸಿಗುತ್ತಿಲ್ಲವೆಂದು ಕಂಡುಕೊಂಡಿತು. ಆ ಸಮೀಕ್ಷೆ ನಡೆದ 12 ರಾಜ್ಯಗಳಲ್ಲಿ ಮಹಾರಾಷ್ಟ್ರವೂ ಇರಲಿಲ್ಲ, ಕರ್ನಾಟಕವೂ ಇರಲಿಲ್ಲ. ಊರು ಅಲ್ಲಿ, ಬದುಕು ಇಲ್ಲಿ ಎಂದು ಬಾಳುವ ಮುಂಬಯಿ ಕನ್ನಡಿಗರು ಹೀಗೆ ಎರಡೂ ಕಡೆಯ ಲೆಕ್ಕದಿಂದ ಹೊರಗುಳಿದರು.

ತೂಕ ಎಲ್ಲಿಂದ ಬಂತು

ಮೊದಲ ದಾರಿ ಕಾಯಿಲೆಯದೇ. ಅದನ್ನು ಈಗಾಗಲೇ ಹೇಳಿದೆ. ಎರಡನೆಯದು ಔಷಧ. ಈ ಕಾಯಿಲೆಗೆ ಕೊಡುವ ಒಲಾಂಜಪಿನ್ ಮೆದುಳಿನಲ್ಲಿ ಹಸಿವು ತಣಿಯಿತೆಂದು ಹೇಳುವ ಸಂಕೇತಗಳನ್ನೇ ತಡೆಯುತ್ತದೆ. ಹಾಗಾಗಿ ಅದನ್ನು ತೆಗೆದುಕೊಳ್ಳುವವರು "ಊಟ ಮಾಡಿ ಕೈ ತೊಳೆದು ಬರುವಷ್ಟರಲ್ಲಿ ಮತ್ತೆ ಹಸಿವು" ಎನ್ನುವುದು ಸುಳ್ಳಲ್ಲ. ಕ್ವೆಟಿಯಪಿನ್, ವ್ಯಾಲ್ಪ್ರೊಯೇಟ್, ಸ್ವಲ್ಪ ಮಟ್ಟಿಗೆ ಲಿಥಿಯಂ ಕೂಡ ತೂಕ ಏರಿಸುತ್ತವೆ. ಲಿಥಿಯಂ ಕೆಲವರಲ್ಲಿ ಥೈರಾಯ್ಡ್ ಗ್ರಂಥಿಯನ್ನು ಮಂದಗೊಳಿಸುತ್ತದೆ. ಥೈರಾಯ್ಡ್ ಮಂದವಾದರೆ ತೂಕವೂ ಏರುತ್ತದೆ, ಖಿನ್ನತೆಯೂ ಗಾಢವಾಗುತ್ತದೆ. ಆದ್ದರಿಂದಲೇ ಲಿಥಿಯಂ ತೆಗೆದುಕೊಳ್ಳುವವರು ಆರು ತಿಂಗಳಿಗೊಮ್ಮೆಯಾದರೂ ಥೈರಾಯ್ಡ್ ಪರೀಕ್ಷೆ ಮಾಡಿಸಬೇಕು. ವ್ಯಾಲ್ಪ್ರೊಯೇಟ್ ಹೆಣ್ಣುಮಕ್ಕಳಲ್ಲಿ ಮುಟ್ಟಿನ ಏರುಪೇರಿಗೂ, ಅಂಡಾಶಯದ ತೊಂದರೆಯಾದ ಪಿಸಿಒಎಸ್‌ಗೂ ಕಾರಣವಾಗಬಹುದು. ಗರ್ಭದಲ್ಲಿರುವ ಮಗುವಿಗೆ ಅದು ಅಪಾಯಕಾರಿ. ಇಷ್ಟನ್ನು ವೈದ್ಯರು ಮೊದಲೇ ಬಿಡಿಸಿ ಹೇಳಿದರೆ ರೋಗಿ ಸಿದ್ಧನಾಗಿರುತ್ತಾನೆ. ಹೇಳದಿದ್ದರೆ ಆರು ತಿಂಗಳಲ್ಲಿ ಪ್ಯಾಂಟು ಬಿಗಿಯಾದಾಗ ಅವನಿಗೆ ಅನಿಸುವುದು ಮೋಸ ಹೋದೆ ಎಂದು.

ಮೂರನೆಯದು ಈ ಊರಿನ ದುಡಿಮೆಯ ಗಡಿಯಾರ. ಮುಂಬಯಿಯ ಉಡುಪಿ ಹೋಟೆಲಿನ ಅಡುಗೆಮನೆ ನಸುಕಿಗೇ ಏಳುತ್ತದೆ. ಶಟರ್ ಎಳೆದು, ನೆಲ ತೊಳೆದು ಮಲಗುವಾಗ ನಡುರಾತ್ರಿ. ನಡುವೆ ಮಧ್ಯಾಹ್ನದ ಅರೆನಿದ್ದೆ. ದಿನಕ್ಕೆ ಲೆಕ್ಕವಿಲ್ಲದಷ್ಟು ಕಟಿಂಗ್ ಚಹಾ, ಪ್ರತಿಯೊಂದರಲ್ಲೂ ಸಕ್ಕರೆ. ಊಟ ಸಿಗುವುದು ಗಿರಾಕಿಗಳೆಲ್ಲ ಎದ್ದ ಮೇಲೆ. ಅನ್ನ, ಸಾಂಬಾರು, ಮಿಕ್ಕ ವಡೆ. ಹೋಟೆಲಿನವರೊಬ್ಬರದೇ ಕಥೆಯಲ್ಲ ಇದು. ಕಾಲ್‌ಸೆಂಟರಿನ ಹುಡುಗಿ, ವಿಮಾನ ನಿಲ್ದಾಣದಲ್ಲಿ ಸಾಮಾನು ಹೊರುವವನು, ಆಸ್ಪತ್ರೆಯ ನರ್ಸು, ರಾತ್ರಿ ರಿಕ್ಷಾ ಓಡಿಸುವವನು, ಎಲ್ಲರ ನಿದ್ದೆಯೂ ಹರಿದ ನಿದ್ದೆಯೇ. ಬೈಪೋಲಾರ್ ಇರುವವರಿಗೆ ನಿದ್ದೆಗೆಟ್ಟರೆ ಉನ್ಮಾದ ಕೆರಳಬಹುದು. ನಿದ್ದೆಗೇಡು ಹಸಿವೆಯ ಹಾರ್ಮೋನುಗಳನ್ನೂ ಕೆಡಿಸುತ್ತದೆ, ರಕ್ತದಲ್ಲಿ ಉರಿಯೂತದ ಗುರುತುಗಳನ್ನೂ ಏರಿಸುತ್ತದೆ. ಒಂದೇ ಏಟಿಗೆ ಮೂರು ಕಡೆ ಪೆಟ್ಟು.

ನಾಲ್ಕನೆಯದು ನಮ್ಮ ಮೈಯ ರಚನೆ. ಇದನ್ನು ಸ್ವಲ್ಪ ನಿಂತು ನೋಡಬೇಕು. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕ್ 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಒಂದು ಫೋಟೊ ಪ್ರಕಟಿಸಿದರು. ಅದರಲ್ಲಿ ಇಬ್ಬರು ವೈದ್ಯರು ಪಕ್ಕಪಕ್ಕ ನಿಂತಿದ್ದಾರೆ: ಒಬ್ಬರು ಯಾಜ್ಞಿಕ್, ಇನ್ನೊಬ್ಬರು ಇಂಗ್ಲೆಂಡಿನ ಜಾನ್ ಯುಡ್ಕಿನ್. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಒಂದೇ: 22.3. ನೋಡಿದರೆ ಇಬ್ಬರೂ ತೆಳ್ಳಗೆ. ಆದರೆ ಯುಡ್ಕಿನ್ ಮೈಯಲ್ಲಿದ್ದ ಕೊಬ್ಬು ಶೇ. 9.1, ಯಾಜ್ಞಿಕ್ ಮೈಯಲ್ಲಿದ್ದದ್ದು ಶೇ. 21.2. ಭಾರತೀಯರ ಸಣಕಲು ಮೈಯೊಳಗೂ ಬೊಜ್ಜು ಅಡಗಿರಬಹುದು, ಅದೂ ಹೊಟ್ಟೆಯೊಳಗೆ, ಯಕೃತ್ತಿನ ಸುತ್ತ, ಎಂಬುದನ್ನು ಅಷ್ಟು ಸರಳವಾಗಿ ತೋರಿಸಿದ ಇನ್ನೊಂದು ಚಿತ್ರವಿಲ್ಲ.

ಈ ಕಾರಣಕ್ಕೇ ಭಾರತೀಯರಿಗೆ ಅಳತೆಗೋಲು ಬೇರೆ. ಬಿಎಂಐ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು. ಯುರೋಪಿನವರಿಗೆ ಇದು 25 ಮತ್ತು 30. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ಮೀರಬಾರದು. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದ ವಯಸ್ಕರಲ್ಲಿ ಹೊಟ್ಟೆಬೊಜ್ಜು ಇರುವವರು ಶೇ. 39.5, ಮಧುಮೇಹಿಗಳು ಶೇ. 11.4. ಇಷ್ಟೊಂದು ಒಣಗಿದ ಹುಲ್ಲಿನ ಮೇಲೆ ಬೈಪೋಲಾರ್ ಔಷಧದ ಕಿಡಿ ಬೀಳುತ್ತದೆ. ವಿವಿಧ ದೇಶಗಳ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2013ರಲ್ಲಿ ಮಾಡಿದ ವಿಶ್ಲೇಷಣೆಯಲ್ಲಿ ಬೈಪೋಲಾರ್ ರೋಗಿಗಳ ಪೈಕಿ ಶೇ. 37ರಷ್ಟು ಮಂದಿಗೆ ಮೆಟಬಾಲಿಕ್ ಸಿಂಡ್ರೋಮ್ ಇತ್ತು. ಹೊಟ್ಟೆಬೊಜ್ಜು, ಏರಿದ ಸಕ್ಕರೆ, ಏರಿದ ರಕ್ತದೊತ್ತಡ, ಕೆಟ್ಟ ಕೊಬ್ಬು, ಇವು ಒಟ್ಟಿಗೇ ಬಂದು ಕೂರುವುದಕ್ಕೆ ಆ ಹೆಸರು.

ಕೊಬ್ಬಿನ ಒಳಗೆ ನಡೆಯುವುದೇನು

ಕೊಬ್ಬು ಎಂದರೆ ಮುಂದಿನ ಬರಗಾಲಕ್ಕೆ ಕೂಡಿಟ್ಟ ಶಕ್ತಿ, ಅದಕ್ಕೆ ಬೇರೆ ಕೆಲಸವಿಲ್ಲ ಎಂದೇ ಬಹುಕಾಲ ವೈದ್ಯರೂ ನಂಬಿದ್ದರು. 1993ರಲ್ಲಿ ಗೋಖಾನ್ ಹೊಟಾಮಿಸ್ಲಿಗಿಲ್ ಮತ್ತು ಸಂಗಡಿಗರು, ಬೊಜ್ಜು ಬಂದ ಇಲಿಗಳ ಕೊಬ್ಬು ಟಿಎನ್‌ಎಫ್ ಎಂಬ ಉರಿಯೂತದ ರಾಸಾಯನಿಕವನ್ನು ಉತ್ಪಾದಿಸುತ್ತದೆ ಎಂದು ತೋರಿಸಿದರು. ಹತ್ತು ವರ್ಷಗಳ ನಂತರ, 2003ರಲ್ಲಿ, ಎರಡು ಪ್ರಯೋಗಾಲಯಗಳು ಬೇರೆಬೇರೆಯಾಗಿ ಇನ್ನೊಂದು ಸಂಗತಿ ಕಂಡವು: ಬೊಜ್ಜಿನೊಳಗೆ ಮ್ಯಾಕ್ರೊಫೇಜ್‌ಗಳು, ಅಂದರೆ ಸೋಂಕು ಬಂದಾಗ ಹೋರಾಡುವ ರಕ್ಷಣಾ ಕೋಶಗಳು, ದಂಡುಗಟ್ಟಿ ಸೇರಿಕೊಂಡಿದ್ದವು. ಕೊಬ್ಬಿನ ಕೋಶಗಳು ಮಿತಿಮೀರಿ ಉಬ್ಬಿದಾಗ ಅವಕ್ಕೆ ಆಮ್ಲಜನಕ ಸಾಲದೆ ಕೆಲವು ಸಾಯುತ್ತವೆ. ಅವುಗಳನ್ನು ತೆಗೆದುಹಾಕಲು ರಕ್ಷಣಾ ಕೋಶಗಳು ಬರುತ್ತವೆ. ಬಂದವು ಹೋಗುವುದಿಲ್ಲ. ಅವು ಸುರಿಸುವ ಐಎಲ್-6 ಮುಂತಾದ ಸಂಕೇತಗಳು ರಕ್ತಕ್ಕೆ ಸೇರುತ್ತವೆ. ಆ ಸಂಕೇತ ಮುಟ್ಟಿದ ಯಕೃತ್ತು ಸಿಆರ್‌ಪಿ ಎಂಬ ಪ್ರೋಟೀನನ್ನು ಹೆಚ್ಚು ಹೆಚ್ಚು ತಯಾರಿಸುತ್ತದೆ. ಲ್ಯಾಬಿನ ವರದಿಯಲ್ಲಿ ನಾವು ಕಾಣುವುದು ಈ ಸಿಆರ್‌ಪಿಯನ್ನು. ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಇದನ್ನು ಮೊದಲು ಗುರುತಿಸಿದ್ದು 1930ರಲ್ಲಿ.

ಇದು ಮನಸ್ಸಿಗೆ ಹೇಗೆ ತಟ್ಟುತ್ತದೆ? ಜ್ವರ ಬಂದ ದಿನ ನಾವು ಹೇಗಿರುತ್ತೇವೆಂದು ನೆನಪಿಸಿಕೊಂಡರೆ ಸಾಕು. ಯಾರ ಮಾತೂ ಬೇಡ, ಇಷ್ಟದ ತಿಂಡಿಯೂ ರುಚಿಸದು, ಮುದುಡಿ ಮಲಗಬೇಕು. ಅದು ವೈರಾಣುವಿನ ನೇರ ಕೆಲಸವಲ್ಲ. ರಕ್ಷಣಾ ಕೋಶಗಳ ಸಂಕೇತ ಕೇಳಿ ಮೆದುಳೇ ಮೈಯನ್ನು ಮಲಗಿಸುತ್ತದೆ, ಗುಣವಾಗಲಿ ಎಂದು. ಜ್ವರ ಮೂರು ದಿನಕ್ಕೆ ಇಳಿಯುತ್ತದೆ, ಸಂಕೇತವೂ ನಿಲ್ಲುತ್ತದೆ. ಬೊಜ್ಜಿನಿಂದ ಹೊರಡುವ ಸಂಕೇತ ಬಲು ಸಣ್ಣದು, ಆದರೆ ನಿಲ್ಲುವುದೇ ಇಲ್ಲ.

ಇದು ಬರಿಯ ತರ್ಕವಾಗಿದ್ದರೆ ನಂಬಬೇಕಿರಲಿಲ್ಲ. ಹೆಪಟೈಟಿಸ್ ಸಿ ರೋಗಿಗಳಿಗೆ ಹಿಂದೆ ಇಂಟರ್‌ಫೆರಾನ್ ಚುಚ್ಚುಮದ್ದು ಕೊಡುತ್ತಿದ್ದರು. ಅದು ಉರಿಯೂತವನ್ನು ಬೇಕೆಂದೇ ಎಬ್ಬಿಸುವ ಔಷಧ. ಹಾಗೆ ಚಿಕಿತ್ಸೆ ಪಡೆದವರಲ್ಲಿ ನಾಲ್ವರಲ್ಲಿ ಒಬ್ಬರಿಗೋ ಮೂವರಲ್ಲಿ ಒಬ್ಬರಿಗೋ ಕೆಲವೇ ವಾರಗಳಲ್ಲಿ ಖಿನ್ನತೆ ಬರುತ್ತಿತ್ತು. ಬ್ರಿಟನ್ನಿನಲ್ಲಿ ನೀಲ್ ಹ್ಯಾರಿಸನ್ ತಂಡ 2009ರಲ್ಲಿ ಆರೋಗ್ಯವಂತ ಯುವಕರಿಗೆ ಟೈಫಾಯಿಡ್ ಲಸಿಕೆ ಕೊಟ್ಟು ನೋಡಿತು. ಕೆಲವೇ ಗಂಟೆಗಳಲ್ಲಿ ಐಎಲ್-6 ಏರಿತು, ಮನಸ್ಸು ಕುಗ್ಗಿತು, ಖಿನ್ನತೆಯಲ್ಲಿ ಬದಲಾಗುವ ಮೆದುಳಿನ ಭಾಗವೇ ಸ್ಕ್ಯಾನಿನಲ್ಲಿ ಬದಲಾಗಿ ಕಂಡಿತು. ಮರುದಿನಕ್ಕೆ ಹೋಗುವಂಥ ಚಿಕ್ಕ ಬದಲಾವಣೆ ಅದು, ಲಸಿಕೆಗೆ ಹೆದರಬೇಕಿಲ್ಲ. ಆದರೆ ರಕ್ತದ ರಾಸಾಯನಿಕ ಮನಸ್ಸನ್ನು ಕದಲಿಸಬಲ್ಲದು ಎಂಬುದಕ್ಕೆ ಅಷ್ಟು ಸಾಕು.

ಬೈಪೋಲಾರ್ ರೋಗಿಗಳ ರಕ್ತದಲ್ಲಿ ಸಿಆರ್‌ಪಿ ಸರಾಸರಿ ಹೆಚ್ಚಿರುತ್ತದೆ ಎಂಬುದನ್ನು 2016ರಲ್ಲಿ 'ಲ್ಯಾನ್ಸೆಟ್ ಸೈಕಿಯಾಟ್ರಿ'ಯಲ್ಲಿ ಬಂದ ವಿಶ್ಲೇಷಣೆ ದೃಢಪಡಿಸಿತು. ಉನ್ಮಾದದಲ್ಲಿ ಅದು ಎಲ್ಲಕ್ಕಿಂತ ಹೆಚ್ಚು. ಖಿನ್ನತೆಯಲ್ಲೂ, ಕಾಯಿಲೆ ತಗ್ಗಿದ ಹೊತ್ತಿನಲ್ಲೂ ಆರೋಗ್ಯವಂತರಿಗಿಂತ ಸ್ವಲ್ಪ ಮೇಲೆ. ಬೊಜ್ಜು ಮತ್ತು ಖಿನ್ನತೆ ಒಂದನ್ನೊಂದು ಕರೆತರುತ್ತವೆ ಎಂಬುದೂ ಲೆಕ್ಕಕ್ಕೆ ಸಿಕ್ಕಿದೆ. ನೆದರ್ಲೆಂಡ್ಸಿನ ಸಂಶೋಧಕರ 2010ರ ವಿಶ್ಲೇಷಣೆಯಲ್ಲಿ ಬೊಜ್ಜಿದ್ದವರಿಗೆ ಮುಂದೆ ಖಿನ್ನತೆ ಬರುವ ಸಂಭವ ಶೇ. 55 ಹೆಚ್ಚು, ಖಿನ್ನತೆ ಇದ್ದವರಿಗೆ ಮುಂದೆ ಬೊಜ್ಜು ಬರುವ ಸಂಭವ ಶೇ. 58 ಹೆಚ್ಚು ಎಂದು ಕಂಡಿತು.

ಉರಿಯೂತ ಇಳಿಸಿದರೆ ಖಿನ್ನತೆ ಇಳಿಯುವುದೇ?

ಇಲ್ಲಿ ಎಚ್ಚರ ಬೇಕು. ಇಷ್ಟು ಓದಿದವರಿಗೆ "ಹಾಗಾದರೆ ಉರಿಯೂತದ ಮಾತ್ರೆ ನುಂಗಿದರಾಯಿತು" ಎನಿಸುವುದು ಸಹಜ. ವಿಜ್ಞಾನಿಗಳಿಗೂ ಹಾಗೇ ಅನಿಸಿತ್ತು. ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯದಲ್ಲಿ, ಯಾವ ಔಷಧಕ್ಕೂ ಬಗ್ಗದ ಖಿನ್ನತೆಯಿದ್ದ 60 ಮಂದಿಗೆ ಟಿಎನ್‌ಎಫ್ ತಡೆಯುವ ಇನ್‌ಫ್ಲಿಕ್ಸಿಮ್ಯಾಬ್ ಅಥವಾ ಖಾಲಿ ದ್ರಾವಣ ಕೊಟ್ಟು ನೋಡಿದರು. 2013ರಲ್ಲಿ ಬಂದ ಫಲಿತಾಂಶದಲ್ಲಿ ಒಟ್ಟಾರೆ ಪ್ರಯೋಜನವೇನೂ ಕಾಣಲಿಲ್ಲ. ಸಿಆರ್‌ಪಿ ಲೀಟರಿಗೆ 5 ಮಿಲಿಗ್ರಾಂಗಿಂತ ಹೆಚ್ಚಿದ್ದವರಲ್ಲಿ ಮಾತ್ರ ಗುಣ ಕಂಡಿತು, ಸಿಆರ್‌ಪಿ ಕಡಿಮೆಯಿದ್ದವರಿಗೆ ಖಾಲಿ ದ್ರಾವಣವೇ ವಾಸಿ ಎನ್ನುವಂತಾಯಿತು. ಬೈಪೋಲಾರ್ ಖಿನ್ನತೆಯಲ್ಲೇ ಇದೇ ಔಷಧವನ್ನು ಪರೀಕ್ಷಿಸಿದ 2019ರ ಅಧ್ಯಯನವೂ ಒಟ್ಟಾರೆ ವಿಫಲವಾಯಿತು. ಬಾಲ್ಯದಲ್ಲಿ ಹೊಡೆತ ಬಡಿತ ಉಂಡವರ ಗುಂಪಿನಲ್ಲಿ ಮಾತ್ರ ಸುಧಾರಣೆ ಕಂಡಿತು. ಹತ್ತು ಹನ್ನೆರಡನೇ ವಯಸ್ಸಿಗೆ ಊರುಬಿಟ್ಟು ಬಂದು, ಹೋಟೆಲಿನಲ್ಲಿ ಟೇಬಲ್ ಒರೆಸಿ, ಏಟು ತಿಂದು, ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದ ಒಂದು ತಲೆಮಾರೇ ಈ ನಗರದಲ್ಲಿ ಕನ್ನಡ ಮಾತಾಡುತ್ತಿದೆ. ಇಷ್ಟು ಚಿಕ್ಕ ಅಧ್ಯಯನದಿಂದ ಅವರ ಬಗ್ಗೆ ತೀರ್ಮಾನ ಹೇಳುವಂತಿಲ್ಲ. ಆದರೆ ಬಾಲ್ಯದ ನೋವು ಮೈಯಲ್ಲೂ ಉಳಿಯುತ್ತದೆ ಎಂಬ ಸುಳಿವನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ.

ನಮಗೆ ಇನ್ನೂ ಹತ್ತಿರದ ಉತ್ತರ ಬಂದದ್ದು ಪಾಕಿಸ್ತಾನದಿಂದ. ಅಲ್ಲಿನ ಹೊರರೋಗಿ ವಿಭಾಗಗಳಲ್ಲಿ 266 ಮಂದಿ ಬೈಪೋಲಾರ್ ಖಿನ್ನತೆಯ ರೋಗಿಗಳಿಗೆ ಉರಿಯೂತ ತಗ್ಗಿಸುವ ಮಿನೊಸೈಕ್ಲಿನ್, ಸೆಲೆಕಾಕ್ಸಿಬ್, ಎರಡೂ, ಅಥವಾ ಖಾಲಿ ಮಾತ್ರೆಯನ್ನು ಮೂರು ತಿಂಗಳು ಕೊಟ್ಟರು. 2020ರಲ್ಲಿ ಪ್ರಕಟವಾದ ಫಲಿತಾಂಶ ನಿಚ್ಚಳವಾಗಿತ್ತು: ಈ ಮಾತ್ರೆಗಳಿಂದ ಖಾಲಿ ಮಾತ್ರೆಗಿಂತ ಹೆಚ್ಚಿನ ಪ್ರಯೋಜನವಿಲ್ಲ. ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. ಉರಿಯೂತವನ್ನು ಎಲ್ಲಕ್ಕಿಂತ ಬಲವಾಗಿ ತಗ್ಗಿಸುವುದು ಸ್ಟೆರಾಯ್ಡ್. ಬೈಪೋಲಾರ್ ಇರುವವರಲ್ಲಿ ಸ್ಟೆರಾಯ್ಡ್ ಉನ್ಮಾದವನ್ನೇ ಕೆರಳಿಸಬಹುದು. ಉರಿಯೂತವೊಂದೇ ಈ ಕಾಯಿಲೆಯ ಬೇರಾಗಿದ್ದರೆ ಹೀಗಾಗುತ್ತಿರಲಿಲ್ಲ.

ಸ್ವಲ್ಪ ಆಸೆ ಮೂಡಿಸಿದ್ದು ಬೇರೆಯೇ ದಾರಿ. ಕೆನಡಾದ ಡಾ. ಸಿಂಥಿಯಾ ಕಾಲ್ಕಿನ್ ತಂಡ, ಹಳೆಯ ಬೈಪೋಲಾರ್ ಖಿನ್ನತೆಯೂ ಇನ್ಸುಲಿನ್ ಪ್ರತಿರೋಧವೂ (ಇನ್ಸುಲಿನ್ನಿಗೆ ಮೈ ಸರಿಯಾಗಿ ಸ್ಪಂದಿಸದಿರುವುದು) ಇದ್ದ 45 ಮಂದಿಯನ್ನು ಆರಿಸಿ, ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಕೊಟ್ಟು ಪರೀಕ್ಷಿಸಿತು. 2022ರಲ್ಲಿ ಬಂದ ವರದಿಯಂತೆ 11 ಮಂದಿಯಲ್ಲಿ ಇನ್ಸುಲಿನ್ ಪ್ರತಿರೋಧ ಸರಿಹೋಯಿತು. ಅವರಲ್ಲಿ ಹತ್ತು ಮಂದಿ ಮೆಟ್‌ಫಾರ್ಮಿನ್ ಪಡೆದವರು. ಹಾಗೆ ಸರಿಹೋದವರ ಖಿನ್ನತೆಯೂ ಗಣನೀಯವಾಗಿ ಇಳಿಯಿತು. ಸಣ್ಣ ಅಧ್ಯಯನ, ಇನ್ನೂ ದೊಡ್ಡವು ಬರಬೇಕು. ಆದರೂ ಅದು ತೋರಿಸಿದ ದಿಕ್ಕು ಸರಿಯೆಂದು ನನಗೆ ತೋರುತ್ತದೆ. ಉರಿಯೂತದ ಬಾಲ ಹಿಡಿದು ಎಳೆಯುವುದಕ್ಕಿಂತ, ಅದು ಹುಟ್ಟುವ ಹೊಟ್ಟೆಬೊಜ್ಜಿಗೂ ಸಕ್ಕರೆಗೂ ಚಿಕಿತ್ಸೆ ಕೊಡುವುದು ವಿವೇಕ.

ಲಿಥಿಯಂ, ನೋವಿನ ಮಾತ್ರೆ ಮತ್ತು ಏಕಾದಶಿ

ಉರಿಯೂತ ತಗ್ಗಿಸುವ ಮಾತ್ರೆಗಳನ್ನು ಸ್ವಂತ ಬುದ್ಧಿಯಿಂದ ನುಂಗಬಾರದೆಂಬುದಕ್ಕೆ ಇನ್ನೂ ದೊಡ್ಡ ಕಾರಣವಿದೆ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ಮಾತ್ರೆಗಳು ಮೂತ್ರಪಿಂಡ ಲಿಥಿಯಂ ಅನ್ನು ಹೊರಹಾಕುವುದನ್ನು ನಿಧಾನಗೊಳಿಸುತ್ತವೆ. ಸೊಂಟನೋವಿಗೆಂದು ಕೆಮಿಸ್ಟ್ ಅಂಗಡಿಯಿಂದ ತಂದು ನಾಲ್ಕು ದಿನ ನುಂಗಿದರೆ ರಕ್ತದಲ್ಲಿ ಲಿಥಿಯಂ ವಿಷದ ಮಟ್ಟಕ್ಕೆ ಏರಬಹುದು. ಮೊದಲು ಕೈ ನಡುಕ, ವಾಂತಿ, ಭೇದಿ; ಆಮೇಲೆ ನಡಿಗೆ ತೂರಾಡುವುದು, ಮಾತು ತೊದಲುವುದು, ಗೊಂದಲ. ಲಿಥಿಯಂ ಸಾಮಾನ್ಯವಾಗಿ ಇರಬೇಕಾದ ಮಟ್ಟ ಲೀಟರಿಗೆ 0.6ರಿಂದ 1.0 ಮಿಲಿಮೋಲ್. ಅದಕ್ಕೂ ವಿಷಕ್ಕೂ ನಡುವಿನ ಅಂತರ ಬಹಳ ಕಿರಿದು. ನೋವಿಗೆ ಏನು ನುಂಗಬಹುದೆಂದು ವೈದ್ಯರನ್ನು ಕೇಳಿ. ಅವರು ಹೆಚ್ಚಾಗಿ ಹೇಳುವುದು ಪ್ಯಾರಾಸಿಟಮಾಲ್.

ತೂಕ ಇಳಿಸಲು ಹೊರಟವರು ಮಾಡುವ ಎರಡು ಕೆಲಸಗಳೂ ಇದೇ ಅಪಾಯಕ್ಕೆ ಒಯ್ಯುತ್ತವೆ. ಒಂದು, ಉಪ್ಪನ್ನು ಪೂರ್ತಿ ಬಿಡುವುದು. ಇನ್ನೊಂದು, ನೀರೂ ಕುಡಿಯದ ಉಪವಾಸ. ಮೈಯಲ್ಲಿ ಉಪ್ಪು ಅಥವಾ ನೀರು ಕಡಿಮೆಯಾದಾಗ ಮೂತ್ರಪಿಂಡ ಲಿಥಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೇ ತಿಂಗಳ ಮುಂಬಯಿಯಲ್ಲಿ, ಲೋಕಲ್ ರೈಲಿನ ನೂಕುನುಗ್ಗಲಲ್ಲಿ ಬೆವರಿ ಬಂದು, ನಿರ್ಜಲ ಏಕಾದಶಿ ಹಿಡಿಯುವ ಲಿಥಿಯಂ ರೋಗಿಯ ಬಗ್ಗೆ ನನಗೆ ನಿಜವಾಗಿ ಭಯವಿದೆ. ವ್ರತ ಬಿಡಿ ಎಂದು ಹೇಳುತ್ತಿಲ್ಲ. ಔಷಧ ಸೇವಿಸುವವರಿಗೆ ನೀರು, ಹಾಲು, ಹಣ್ಣಿನ ಉಪವಾಸ ಸಾಕು ಎಂದು ಮನೆಯ ಹಿರಿಯರೇ ಹೇಳಬೇಕು. ರಮ್ಜಾನ್ ಉಪವಾಸ ಹಿಡಿಯುವವರು ತಿಂಗಳು ಶುರುವಾಗುವ ಮೊದಲೇ ವೈದ್ಯರನ್ನು ಕಂಡು ಲಿಥಿಯಂ ಮಟ್ಟ ನೋಡಿಸಿಕೊಳ್ಳಬೇಕು. ಆ ಪರೀಕ್ಷೆಗೆ ರಕ್ತ ಕೊಡಬೇಕಾದದ್ದು ಕೊನೆಯ ಮಾತ್ರೆ ನುಂಗಿ 12 ಗಂಟೆಯಾದ ಮೇಲೆ.

ಸಿಆರ್‌ಪಿ ಪರೀಕ್ಷೆಯ ಬಗ್ಗೆಯೂ ಒಂದು ಮಾತು. ಹೃದಯದ ಅಪಾಯ ಅಳೆಯುವಾಗ ಲೀಟರಿಗೆ 3 ಮಿಲಿಗ್ರಾಂ ಮೀರಿದರೆ ಹೆಚ್ಚೆನ್ನುತ್ತಾರೆ. ಆದರೆ ಮಳೆಗಾಲದ ಡೆಂಗಿ, ಲೆಪ್ಟೊಸ್ಪೈರೋಸಿಸ್, ಕೀವಾದ ಹಲ್ಲು, ಕ್ಷಯ, ಏನಿದ್ದರೂ ಅದು ಏರುತ್ತದೆ. ಸಿಆರ್‌ಪಿ ನೋಡಿ ಖಿನ್ನತೆ ಇದೆ, ಇಲ್ಲ ಎಂದು ಹೇಳಲಾಗದು. ಪ್ಯಾಕೇಜ್ ತಪಾಸಣೆಯಲ್ಲಿ ಆ ಅಂಕಿ ಕೆಂಪಕ್ಷರದಲ್ಲಿ ಬಂತೆಂದು ಮನಸ್ಸು ಕೆಡಿಸಿಕೊಳ್ಳಬೇಡಿ.

ಟೇಪು ಹಿಡಿಯಿರಿ

ಬೈಪೋಲಾರ್ ರೋಗಿಗಳು ಬೇಗ ಸಾಯುತ್ತಾರೆ. ಸ್ವೀಡನ್ನಿನ ರಾಷ್ಟ್ರೀಯ ದಾಖಲೆಗಳನ್ನು ಜಾಲಾಡಿದ 2013ರ ಅಧ್ಯಯನದ ಪ್ರಕಾರ ಹೆಂಗಸರು 9 ವರ್ಷ, ಗಂಡಸರು 8.5 ವರ್ಷ ಮೊದಲು. ಆತ್ಮಹತ್ಯೆಯೊಂದೇ ಅದಕ್ಕೆ ಕಾರಣವಲ್ಲ. ಹೃದ್ರೋಗ, ಮಧುಮೇಹ, ಪಾರ್ಶ್ವವಾಯು, ಶ್ವಾಸಕೋಶದ ಕಾಯಿಲೆಗಳದ್ದೂ ದೊಡ್ಡ ಪಾಲಿದೆ. ಇವೆಲ್ಲ ಮೊದಲೇ ಕಂಡುಹಿಡಿದರೆ ತಡೆಯಬಹುದಾದವು. ಆದರೂ ಮನೋವೈದ್ಯರ ಬಳಿ ಹೋದರೆ ಮನಸ್ಸಿನ ಮಾತು ಮಾತ್ರ, ಸಕ್ಕರೆ ವೈದ್ಯರ ಬಳಿ ಹೋದರೆ ಸಕ್ಕರೆಯ ಮಾತು ಮಾತ್ರ. ರೋಗಿಯ ಮೈ ಒಂದೇ, ಫೈಲು ಎರಡು.

ಮನೆಯಲ್ಲೇ ಶುರು ಮಾಡಬಹುದು. ದರ್ಜಿಯ ಟೇಪು ಸಾಕು. ಬನಿಯನ್ ಮೇಲೆತ್ತಿ ನೇರ ನಿಲ್ಲಿ. ಕೊನೆಯ ಪಕ್ಕೆಲುಬಿನ ಕೆಳಗೆ ಒಂದು ಬೆರಳು, ಸೊಂಟದ ಮೂಳೆಯ ತುದಿಗೆ ಇನ್ನೊಂದು ಬೆರಳು ಇಡಿ. ಎರಡರ ನಡುಮಧ್ಯದಲ್ಲಿ, ನೆಲಕ್ಕೆ ಸಮನಾಗಿ ಟೇಪು ಸುತ್ತಿ. ಹೊಟ್ಟೆ ಎಳೆದುಕೊಳ್ಳಬೇಡಿ. ಸಹಜವಾಗಿ ಉಸಿರು ಬಿಟ್ಟ ಕೊನೆಯಲ್ಲಿ, ಟೇಪು ಚರ್ಮವನ್ನು ಒತ್ತದಂತೆ ಓದಿ. ಪ್ಯಾಂಟಿನ ಅಳತೆಯನ್ನು ನಂಬಬೇಡಿ, ಹೆಚ್ಚಿನವರು ಪ್ಯಾಂಟು ಕಟ್ಟುವುದು ಹೊಟ್ಟೆಯ ಕೆಳಗೆ. ಹೊಸ ಔಷಧ ಶುರುವಾದ ದಿನ ಒಮ್ಮೆ, ಆಮೇಲೆ ತಿಂಗಳಿಗೊಮ್ಮೆ ಅಳೆದು ಕ್ಯಾಲೆಂಡರಿನಲ್ಲಿ ಬರೆದಿಡಿ. ಮೊದಲ ಒಂದೆರಡು ತಿಂಗಳಲ್ಲೇ ತೂಕ ಸರಸರ ಏರಿದರೆ ಕಾಯಬೇಡಿ, ಆ ಬರಹ ಹಿಡಿದು ವೈದ್ಯರ ಬಳಿ ಹೋಗಿ.

ಹೋಗಿ ಕೇಳಬೇಕಾದದ್ದು ಇಷ್ಟು: "ಡಾಕ್ಟ್ರೇ, ತೂಕ ಇಷ್ಟು ಏರಿದೆ, ಇದಕ್ಕೆ ಬದಲು ಬೇರೆ ಔಷಧ ಉಂಟೇ?" ಉಂಟು. ಲಮೊಟ್ರಿಜಿನ್ ತೂಕ ಏರಿಸುವುದಿಲ್ಲ. ಬೈಪೋಲಾರ್ ಖಿನ್ನತೆಗೆ ಬಳಸುವ ಲುರಾಸಿಡೋನ್, ಕಾರಿಪ್ರಜಿನ್ ಒಲಾಂಜಪಿನ್‌ಗಿಂತ ಬಹಳ ವಾಸಿ. ಎಲ್ಲರಿಗೂ ಬದಲಿಸಲಾಗದು, ಕೆಲವರಿಗೆ ಒಲಾಂಜಪಿನ್ನೇ ಜೀವ ಉಳಿಸಿದ್ದುಂಟು. ಅಂಥವರಿಗೆ ಜೊತೆಗೆ ಮೆಟ್‌ಫಾರ್ಮಿನ್ ಕೊಡುವ ಪದ್ಧತಿ ಇದೆ. 2025ರಲ್ಲಿ ಭಾರತಕ್ಕೆ ಬಂದ ಮೌಂಜಾರೊ, ವೆಗೋವಿಯಂಥ ತೂಕದ ಚುಚ್ಚುಮದ್ದುಗಳ ಬಗ್ಗೆ ಹೋದಲ್ಲೆಲ್ಲ ಮಾತು. ಬೈಪೋಲಾರ್ ಇರುವವರು ಮನೋವೈದ್ಯರಿಗೆ ತಿಳಿಸದೆ ಅವನ್ನು ಹಾಕಿಸಿಕೊಳ್ಳಕೂಡದು. ಲಿಥಿಯಂ ಮೇಲಿರುವವರಿಗೆ ಅವುಗಳಿಂದ ಆಗುವ ವಾಂತಿಭೇದಿಯೇ ಅಪಾಯವಾದೀತು.

ನಡಿಗೆ, ಊಟ, ನಿದ್ದೆ ಎಂದರೆ ಹಳೆಯ ಉಪದೇಶವೆಂದು ಪುಟ ತಿರುಗಿಸಬೇಡಿ. ಅಮೆರಿಕದಲ್ಲಿ ಸ್ಕಿಜೋಫ್ರೇನಿಯಾ, ಬೈಪೋಲಾರ್ ಮುಂತಾದ ತೀವ್ರ ಕಾಯಿಲೆಯ 291 ಮಂದಿಯ ಮೇಲೆ ನಡೆದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಗುಂಪಿನಲ್ಲಿ ವ್ಯಾಯಾಮ, ಊಟದ ಸಲಹೆ, ಯಾರಾದರೂ ಒಬ್ಬರು ಬೆನ್ನಿಗೆ ನಿಲ್ಲುವುದು, ಇಷ್ಟರಿಂದಲೇ 18 ತಿಂಗಳಲ್ಲಿ ಈ ನೆರವು ಪಡೆದವರ ತೂಕ ಉಳಿದವರಿಗಿಂತ 3.2 ಕಿಲೊ ಹೆಚ್ಚು ಇಳಿಯಿತು. ಅವರೆಲ್ಲ ಔಷಧ ಬಿಡದೆಯೇ ಇಳಿಸಿಕೊಂಡವರು. ಖಿನ್ನತೆಯಲ್ಲಿರುವವನಿಗೆ "ವಾಕಿಂಗ್ ಹೋಗು" ಎನ್ನುವುದು ವ್ಯರ್ಥ. "ಬಾ, ನಾನೂ ಬರುತ್ತೇನೆ" ಎಂದು ಚಪ್ಪಲಿ ಮೆಟ್ಟಿದರೆ ಅವನು ಬಂದಾನು. ಅಡುಗೆಯಲ್ಲಿ ಬದಲಾವಣೆ ಮಾಡುವುದಾದರೆ ಮನೆಮಂದಿಗೆಲ್ಲ ಮಾಡಿ, ಅವನೊಬ್ಬನ ತಟ್ಟೆಯನ್ನು ಬೇರೆ ಮಾಡಬೇಡಿ.

ಸಾಂತಾಕ್ರೂಜ್ ಸುತ್ತ ಚಿಕಿತ್ಸೆಗೆ ಬರವಿಲ್ಲ. ಪೂರ್ವದಲ್ಲಿ ನಗರಪಾಲಿಕೆಯ ವಿ. ಎನ್. ದೇಸಾಯಿ ಆಸ್ಪತ್ರೆಯಿದೆ, ಸಕ್ಕರೆ, ಬಿಪಿ, ಕೊಬ್ಬಿನ ತಪಾಸಣೆಗೆ ದೂರ ಹೋಗಬೇಕಿಲ್ಲ. ಮನೋವೈದ್ಯ ವಿಭಾಗಕ್ಕೆ ಕೂಪರ್, ಸಯನ್, ಕೆಇಎಂ, ನಾಯರ್ ಇವೆ. ಮೊದಲ ಮಾತನ್ನು ಯಾರಲ್ಲಿ ಆಡಲಿ ಎಂದು ತೋಚದವರು ಟೆಲಿ-ಮಾನಸ್‌ಗೆ ಕರೆ ಮಾಡಬಹುದು. 2022ರ ಅಕ್ಟೋಬರ್ 10ರಂದು ಶುರುವಾದ ಈ ಸರ್ಕಾರಿ ಸೇವೆ ಹಗಲೂ ರಾತ್ರಿ ಉಚಿತ. ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ.

ಮುಂಬಯಿಯ ಕನ್ನಡ, ತುಳು ಸಂಘಟನೆಗಳಲ್ಲಿ ಒಂದು ಬೇಡಿಕೆ. ನೀವು ನಡೆಸುವ ಉಚಿತ ಆರೋಗ್ಯ ಶಿಬಿರಗಳಲ್ಲಿ ಸಕ್ಕರೆ, ಬಿಪಿ, ಕಣ್ಣು ನೋಡುತ್ತೀರಿ. ಮುಂದಿನ ಶಿಬಿರಕ್ಕೆ ಒಂದು ಟೇಪನ್ನೂ ಒಬ್ಬ ಮನೋವೈದ್ಯರನ್ನೂ ಸೇರಿಸಿಕೊಳ್ಳಿ, ಅವರ ಮೇಜನ್ನು ಉಳಿದ ಮೇಜುಗಳ ಸಾಲಿನಲ್ಲೇ ಇಡಿ. ಇದನ್ನು ಓದುತ್ತಿರುವ ನೀವು ತೂಕದ ಬೇಸರಕ್ಕೆ ಈಗಾಗಲೇ ಮಾತ್ರೆ ನಿಲ್ಲಿಸಿದ್ದರೆ ನಾಳೆಯೇ ನಿಮ್ಮ ವೈದ್ಯರನ್ನು ಕಾಣಿ, ನಿಲ್ಲಿಸಿದ್ದೇಕೆ ಎಂಬುದನ್ನು ಮುಚ್ಚಿಡದೆ ಹೇಳಿ. ಇಂದು ರಾತ್ರಿಯೇ ಮಾತಾಡಬೇಕೆನಿಸಿದರೆ ಟೆಲಿ-ಮಾನಸ್ ಸಂಖ್ಯೆ 14416.